ಪ್ಯಾಡ್ ಮೇಷ್ಟ್ರ ಮೊರ

ಪ್ಯಾಡ್ ಮೇಷ್ಟ್ರು ತೀರಿಕೊಂಡ ಮೇಲೆ ಅವರ ಹೆಂಡತಿ ಆ ಯಂತ್ರವನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ಮಾವಿನಹಣ್ಣು ತುಂಬುವ ಮರದ ಪೆಟ್ಟಿಗೆಯಲ್ಲಿಟ್ಟು, ಸುತ್ತಲೂ ಒಣಹುಲ್ಲು ತುರುಕಿ, ಶ್ರೀನಿವಾಸಪುರದ ಕಡೆಯಿಂದ ಮಾಲೂರಿಗೆ ಬರುತ್ತಿದ್ದ ಟೆಂಪೊ ಒಂದರಲ್ಲಿ ನನಗೆ ಕಳಿಸಿಕೊಟ್ಟರು. ಮುಚ್ಚಳ ತೆಗೆದದ್ದೇ ತಡ, ನನ್ನ ಹೊಲಿಗೆ ಅಂಗಡಿಯೆಲ್ಲ ಹಳೆಯ ಮಾವಿನ ವಾಸನೆ. ಹಣ್ಣು ಬಂದಿದೆ ಎಂದುಕೊಂಡು ಪಕ್ಕದ ಅಂಗಡಿಯವರು ಇಣುಕಿದರು. ಕಂಬಳಿಯೊಳಗಿಂದ ಹದಿನಾರು ರಬ್ಬರ್ ಗುಂಡಿಗಳ ಒಂದು ಕಪ್ಪು ಡಬ್ಬ ಹೊರಬಂದದ್ದನ್ನು ನೋಡಿ ಪೆಚ್ಚಾಗಿ ಹೋದರು.

ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆದರೆ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಆರ್ಕೆಸ್ಟ್ರಾ ಕೇಳಿದವರಿಗೆಲ್ಲ ಅವರು ಪ್ಯಾಡ್ ಮೇಷ್ಟ್ರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ರಾಯಲ್ಪಾಡಿನ ಹತ್ತಿರದ ಒಂದು ಹಳ್ಳಿಯವರು, ಟೊಮೇಟೊ ಸಾಗಿಸುವ ಟೆಂಪೊ ಓಡಿಸುತ್ತಿದ್ದರು, ಮದುವೆಗೋ ಗಣೇಶನ ಹಬ್ಬಕ್ಕೋ ಕರೆ ಬಂದರೆ ವೇದಿಕೆ ಹತ್ತಿ ಪ್ಯಾಡ್ ಎಂಬ ಈ ಡಬ್ಬ ನುಡಿಸುತ್ತಿದ್ದರು. ಮನೆಯಲ್ಲಿ ತೆಲುಗು, ಹೊರಗೆ ತೆಲುಗಿನ ಎಳೆತ ಇರುವ ಕನ್ನಡ. ನುಡಿಸುವುದಕ್ಕೆ ಮುಂಚೆ ಹೆಗಲ ಮೇಲಿನ ಟವೆಲಿನಲ್ಲಿ ಒಂದೊಂದೇ ಬೆರಳನ್ನು ಒರೆಸಿಕೊಳ್ಳುವರು, ಎಳೆ ಮಗುವನ್ನು ಎತ್ತಿಕೊಳ್ಳುವ ಮೊದಲು ಹೆಂಗಸರು ಕೈ ಒರೆಸಿಕೊಳ್ಳುತ್ತಾರಲ್ಲ, ಹಾಗೆ. ನಾನು ಅವರನ್ನು ನೆನೆದಾಗಲೆಲ್ಲ ಮೊದಲು ಕಣ್ಣಿಗೆ ಬರುವುದು ಆ ಟವೆಲು, ಆಮೇಲೆ ಮುಖ.

ಈ ಯಂತ್ರದೊಳಗೆ ಸ್ವಂತದ್ದು ಅಂತ ಏನೂ ಇರುವುದಿಲ್ಲ. ಹೊರಗಿನ ಯಾವುದೋ ಸದ್ದನ್ನು ಮೈಕಿನಲ್ಲಿ ಹಿಡಿದು ಒಳಗೆ ತುಂಬಬೇಕು. ಅದಕ್ಕೆ ಸ್ಯಾಂಪಲ್ ಎನ್ನುತ್ತಾರೆ. ಆಮೇಲೆ ಗುಂಡಿ ಮುಟ್ಟಿದರೆ ಆ ಸದ್ದು ಬರುತ್ತದೆ. ಬೇರೆಯವರು ಪೇಟೆಯಿಂದ ಸಿದ್ಧ ಸದ್ದುಗಳನ್ನು ತುಂಬಿಸಿಕೊಂಡು ಬರುತ್ತಿದ್ದರು. ಮೇಷ್ಟ್ರು ಟೆಂಪೊ ಹೋದ ದಾರಿಯಲ್ಲೇ ಹಿಡಿಯುತ್ತಿದ್ದರು. ಬೈರಕೂರಿನ ತಮಟೆಯನ್ನು ಬೆಂಕಿಗೆ ಕಾಯಿಸುವ ಮೊದಲು ಒಂದು ಸಲ, ಕಾಯಿಸಿದ ಮೇಲೆ ಒಂದು ಸಲ. ಶ್ರೀನಿವಾಸಪುರದ ತೋಪಿನಲ್ಲಿ ತರಗೆಲೆಯ ಮೇಲೆ ಕಾಯಿ ಬಿದ್ದ ಸದ್ದು. ಹೋಳೂರಿನಲ್ಲಿ ರೇಷ್ಮೆ ಹುಳುಗಳು ಹಿಪ್ಪುನೇರಳೆ ಸೊಪ್ಪು ತಿನ್ನುವ ಸದ್ದು. ಅದನ್ನು ಅವರು ಹಾಡಿನ ಅಡಿಯಲ್ಲಿ ತೆಳ್ಳಗೆ ಬಿಟ್ಟರೆ ಕೇಳುವವರು ಛತ್ರದ ಹೊರಗೆ ತುಂತುರು ಶುರುವಾಯಿತೇ ಎಂದು ಕಿಟಕಿಯ ಕಡೆ ನೋಡುವರು.

ನಾನು ಅದೇ ತಂಡದಲ್ಲಿ ಹಾಡುತ್ತಿದ್ದೆ. ಒಂದು ವರ್ಷ ಗಂಟಲು ಕೈಕೊಟ್ಟಿತು. ಡಾಕ್ಟರು ಗಂಟಲಲ್ಲಿ ಗಂಟು ಎಂದರು, ತೆಗೆದರು, ಧ್ವನಿ ಇಳಿದು ಒರಟಾಗಿ ಗಂಡು ಧ್ವನಿಯಂತಾಯಿತು. ಮಾಲೂರಿಗೆ ಬಂದು ಹೊಲಿಗೆ ಯಂತ್ರದ ಮುಂದೆ ಕುಳಿತೆ. ರೇಡಿಯೊ ಹಾಕಿದರೆ ಸಿಟ್ಟು, ಪಕ್ಕದ ಮನೆಯ ಹುಡುಗಿ ಹಾಡಿಕೊಂಡರೆ ಸಿಟ್ಟು. ಆಗ ಒಂದು ಮಧ್ಯಾಹ್ನ ಮೇಷ್ಟ್ರು ಯಂತ್ರದ ಹರಿದ ಕವರು ಹಿಡಿದುಕೊಂಡು ಅಂಗಡಿಗೆ ಬಂದರು. ಮಾಲೂರಿಗೆ ಬಂದದ್ದು ಹೆಂಚಿಗಾಗಿಯಂತೆ. ಹೆಂಚು ಚೆನ್ನಾಗಿ ಬೆಂದಿದೆಯೋ ಇಲ್ಲವೋ ಎಂದು ಎರಡನ್ನು ತಾಕಿಸಿ ನೋಡುತ್ತಾರೆ, ಆ ಠಣ್ ಎಂಬುದು ಅವರಿಗೆ ಬೇಕಿತ್ತು.

"ಹೊಲಿದು ಕೊಡ್ತೀನಿ, ನಾಳೆ ಬನ್ನಿ" ಎಂದೆ.

"ಗಂಟಲು ಹೋಯ್ತು ಅಂತ ಕೈಯೂ ಹೋಯ್ತಾ ಅಮ್ಮಾಯಿ?" ಎಂದರು. "ಕತ್ತರಿ ಹಿಡಿಯೋ ಕೈ ನಿಂದು. ಈ ಕೆಲ್ಸಾನೂ ಕತ್ತರಿದೇ. ಬಾ, ಹೇಳ್ಕೊಡ್ತೀನಿ."

ಹೇಳಿಕೊಟ್ಟರು. ಅವರದು ಒಂದು ಕ್ರಮ ಅಂತ ಇರಲಿಲ್ಲ. ಟೀ ಕುಡಿಯುತ್ತ ಒಂದು ಮಾತು, ಬಸ್ಸಿಗೆ ಕಾಯುತ್ತ ಇನ್ನೊಂದು. ಮೊದಲು ಕಲಿಸಿದ್ದು ಕತ್ತರಿಸುವುದು. ಸದ್ದು ಶುರುವಾಗುವ ಮುಂಚೆ ಒಂದಿಷ್ಟು ಖಾಲಿ ಉಳಿದರೂ ಗುಂಡಿ ಮುಟ್ಟಿದಾಗ ತಡವಾಗಿ ಬರುತ್ತದೆ, ತಾಳ ತಪ್ಪುತ್ತದೆ. ಹಾಗಂತ ಕೊನೆಯನ್ನೂ ಕತ್ತರಿಸಿದರೆ ಸದ್ದು ಸತ್ತಂತೆ. ನಾನು ಬಟ್ಟೆಯ ಅಭ್ಯಾಸದಿಂದ ಎರಡೂ ಕಡೆ ಒಪ್ಪವಾಗಿ ಕತ್ತರಿಸಿದ್ದೆ. ಕೇಳಿ ನಕ್ಕರು.

"ಮುಂದೆ ಬೋಳಿಸು, ಹಿಂದೆ ಜುಟ್ಟು ಬಿಡು. ಹೆಂಚು ಠಣ್ ಅಂದ್ಮೇಲೆ ಆ ಅಂಗಳದಾಗೆ ಸ್ವಲ್ಪ ಹೊತ್ತು ಏನೋ ಇರ್ತದಲ್ಲ, ಅದೇ ಅಮ್ಮಾಯಿ ಮಾಲೂರು."

ಕೇಳದೆ ಯಾರ ಸದ್ದನ್ನೂ ಹಿಡಿಯಬಾರದು ಎಂಬುದು ಇನ್ನೊಂದು. ಹುಳು ಸಾಕುವವರ ಮನೆಗೆ ಹೋದರೆ ಮೊದಲು ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತು ಕೇಳುವರು. ಬೇಡ ಎಂದರೆ ಬೇಸರವಿಲ್ಲದೆ ಮಜ್ಜಿಗೆ ಕುಡಿದು ಬರುವರು. ಒಳಗೆ ಬಂದ ಸದ್ದಿಗೆ ಊರಿನ ಹೆಸರನ್ನೇ ಇಡುವರು. ನಕಲು ತೆಗೆದಿಡುವ ಅಭ್ಯಾಸ ಮಾತ್ರ ಇರಲಿಲ್ಲ. ಎರಡು ಕಡೆ ಇದ್ದರೆ ಯಾವುದನ್ನೂ ಜೋಪಾನ ಮಾಡುವುದಿಲ್ಲ ಎಂದು ಅವರ ವಾದ. ಇದಕ್ಕೆ ನಾನು ಜಗಳವಾಡಿದ್ದೇನೆ, ಗೆದ್ದಿಲ್ಲ.

ಯಂತ್ರದ ಮೆಮೊರಿ ಸಣ್ಣದು. ಹೊಸದು ಬರಬೇಕಾದರೆ ಹಳೆಯದು ಹೋಗಬೇಕು. ಮಾವಿನ ಸುಗ್ಗಿ ಮುಗಿದು ಗಣೇಶನ ಕಾರ್ಯಕ್ರಮಗಳು ಶುರುವಾಗುವ ಮುಂಚೆ ಒಂದು ದಿನ ಮನೆಯ ಜಗಲಿಯ ಮೇಲೆ ಚಾಪೆ ಹಾಸಿಕೊಂಡು, ಒಂದೊಂದೇ ಸದ್ದನ್ನು ಕೇಳಿ, ಬೇಡವಾದದ್ದನ್ನು ಅಳಿಸುವರು. ಅದಕ್ಕೆ ಅವರು ಕೇರುವುದು ಎನ್ನುತ್ತಿದ್ದರು. ಜೊಳ್ಳು ಹಾರಿಸಿ ಗಟ್ಟಿ ಉಳಿಸಿಕೊಳ್ಳುವುದು. ಆ ದಿನ ನಾನು ಮಾಲೂರಿನಿಂದ ಬಸ್ಸು ಬದಲಿಸಿ ಬದಲಿಸಿ ಹೋಗುತ್ತಿದ್ದೆ. ಅಂಗಳದ ಮಾವಿನ ಮರದ ನೆರಳು ಜಗಲಿಯ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಒಂದು ಸದ್ದು, ಸ್ವಲ್ಪ ಸುಮ್ಮನೆ, ಮತ್ತೊಂದು ಸದ್ದು. ಎಲ್ಲೋ ಊರಿಂದೂರಿಗೆ ನಿದ್ದೆಯಲ್ಲಿ ನಡೆದು ಹೋಗುತ್ತಿರುವಂತೆ ಅನ್ನಿಸಿ ನಾನು ತೂಕಡಿಸಿಬಿಡುತ್ತಿದ್ದೆ. ಎಚ್ಚರಾದಾಗ ಬೈರಕೂರು ಮುಗಿದು ಹೋಳೂರು ಬಂದಿರುತ್ತಿತ್ತು.

ಯಂತ್ರದ ಮೇಲೆ ತಿರುಗಿಸುವ ಒಂದು ಪುಟ್ಟ ತಿರುಪು ಇತ್ತು. ಸದ್ದಿನ ಎತ್ತರ, ಅಂದರೆ ಶ್ರುತಿ, ಏರಿಸಲು, ಇಳಿಸಲು. ಅದರ ಮೇಲೆ ಮೇಷ್ಟ್ರು ಕರೆಂಟಿನವರ ಕಪ್ಪು ಟೇಪು ಸುತ್ತಿಬಿಟ್ಟಿದ್ದರು. ಯಾರೋ ತಂಡದವರು ತಮಾಷೆಗೆ ತಮಟೆಯ ಸದ್ದನ್ನು ಪಾತಾಳಕ್ಕೆ ಇಳಿಸಿದ್ದರಂತೆ. ಇಳಿಸಿದರೆ ಸದ್ದು ದಪ್ಪವಾಗುವುದಷ್ಟೇ ಅಲ್ಲ, ನಿಧಾನವೂ ಆಗುತ್ತದೆ. ಮೇಷ್ಟ್ರಿಗೆ ಎಲ್ಲಿಲ್ಲದ ಕೋಪ ಬಂದಿತ್ತು.

"ನಂಬಿ ಕೊಟ್ಟವ್ರೆ. ಅವ್ರ ತಮಟೇನ ಎಮ್ಮೆ ಮಾಡೋದಾ? ಯಾರ ಸದ್ದು ಅವ್ರ ಎತ್ತರದಾಗೇ ಇರ್ಬೇಕು."

ಕೊನೆಯ ಗುಂಡಿಯಲ್ಲಿ ಅವರ ತಾಯಿ ಇದ್ದರು. ತಾಯಿ ಎಂದರೆ ಧ್ವನಿಯಲ್ಲ. ಹಿಟ್ಟು ಮಾಡಿಸಲು ರಾಗಿ ಕೇರುತ್ತಿದ್ದ ಸದ್ದು. ಮೊರ ತಟ್ಟುವುದು, ಕಾಳು ಹಾರಿ ಬೀಳುವುದು, ಅದರ ಮೇಲೆ ಕೈತುಂಬ ಗಾಜಿನ ಬಳೆಗಳ ಝಲ್ ಝಲ್. ತೋಟಕ್ಕೆ ಆಳುಗಳು ಬರುವ ದಿನವಂತೆ, ಆಕೆ ಬಹಳ ಅವಸರದಲ್ಲಿದ್ದರು, ಅದು ಸದ್ದಿನಲ್ಲೇ ಗೊತ್ತಾಗುತ್ತಿತ್ತು. ನಾನು ಮೇಷ್ಟ್ರಲ್ಲಿ ಕಲಿಯಲು ಶುರುಮಾಡುವ ಹೊತ್ತಿಗೆ ಆಕೆ ಇರಲಿಲ್ಲ. ಈ ಸದ್ದನ್ನು ಮೇಷ್ಟ್ರು ಯಾವ ವೇದಿಕೆಯಲ್ಲೂ ನುಡಿಸಿದವರಲ್ಲ. ಕೇರುವ ದಿನ ಎಲ್ಲ ಮುಗಿದ ಮೇಲೆ ಒಂದು ಸಲ ಮುಟ್ಟಿ ಕೇಳಿ, ಯಂತ್ರಕ್ಕೆ ಕವರು ಹಾಕುವರು.

"ಎರಡು ಮಾತು ಆಡಿಸಿ ಹಿಡ್ಕೋಬಾರ್ದಿತ್ತಾ?" ಎಂದು ಅಕ್ಕ, ಅಂದರೆ ಅವರ ಹೆಂಡತಿ, ಒಮ್ಮೆ ಕೇಳಿದರು.

"ಅಮ್ಮ ಆಡಿದ್ದು ನಂಗೆ ಜ್ಞಾಪಕ ಅದೆ. ಬೈದಿದ್ದೂ ಜ್ಞಾಪಕ ಅದೆ. ಬಳೆ ಸದ್ದು ಹೆಂಗ್ ಜ್ಞಾಪಕ ಇಟ್ಕೊಳ್ಳೋದು? ಅದು ಕೇಳ್ಬೇಕು, ಅಷ್ಟೇ."

ಅಕ್ಕನದು ಸಣ್ಣ, ಎಳೆಯ ಧ್ವನಿ. ಒಳಗಿನಿಂದ ಊಟಕ್ಕೆ ಕರೆದರೆ ಮೇಷ್ಟ್ರು ಏಳುತ್ತಲೇ ಇರಲಿಲ್ಲ. "ನೋಡಮ್ಮ, ವಯಸ್ಸಾದ್ಮೇಲೆ ನಾನು ಲೆಕ್ಕಕ್ಕಿಲ್ಲ ಇವ್ರಿಗೆ" ಎಂದು ಅಕ್ಕ ನನ್ನ ಹತ್ತಿರ ದೂರುವರು. ನಾನು ಕರೆದರೆ ಮಾತ್ರ ತಕ್ಷಣ ಎದ್ದು ಬರುವರು. ಅಕ್ಕನಿಗೆ ಇದು ಇನ್ನೂ ಉರಿ. "ನಿನ್ ಗಂಟಲು ಕೆಟ್ಟಿದ್ದೇ ನಂಗೆ ಒಳ್ಳೇದಾಯ್ತು ಅಮ್ಮಾಯಿ, ನೀನು ಹೊಟ್ಟೆಯಿಂದ ಮಾತಾಡ್ತೀಯ" ಎಂದು ಮೇಷ್ಟ್ರು ಹಾಸ್ಯ ಮಾಡುತ್ತಿದ್ದರು. ನಾವು ಮೂವರೂ ನಗುತ್ತಿದ್ದೆವು. ನಕ್ಕು ಸುಮ್ಮನಾಗುತ್ತಿದ್ದೆವು.

ಒಂದು ವರ್ಷ ಕೇರುವ ದಿನ ನನ್ನ ಬಸ್ಸು ತಡವಾಯಿತು. ನಾನು ಹೋಗುವಷ್ಟರಲ್ಲಿ ಮೇಷ್ಟ್ರು ಅರ್ಧ ಕೆಲಸ ಮುಗಿಸಿದ್ದರು. ಮುಖ ಬಾಡಿತ್ತು.

"ಮಿಷನ್‌ಗೆ ಏನೋ ರೋಗ ಬಂದದೆ ಅಮ್ಮಾಯಿ. ಸದ್ದುಗಳು ತಾವಾಗೇ ಖಾಲಿಯಾಗವೆ. ಹೋಳೂರು ಹುಳ ಖಾಲಿ. ಮೇಕೆಮರಿ ಗಂಟೆ ಖಾಲಿ. ಭಜನೆ ತಾಳ ಖಾಲಿ. ಬರೀ ಜೊಳ್ಳು ಇಟ್ಕೊಂಡು ಏನ್ ಮಾಡೋದು, ತೆಗ್ದಾಕಿದೆ."

ನಾನೂ ಯಂತ್ರದ ರೋಗವೆಂದೇ ನಂಬಿದೆ. ಕೋಲಾರದಲ್ಲಿ ರಿಪೇರಿ ಮಾಡುವವರೊಬ್ಬರು ಇದ್ದಾರೆ, ತೋರಿಸೋಣ ಎಂದೆ.

"ಇದನ್ನ ಕೇಳು, ಇನ್ನೂ ವಿಚಿತ್ರ" ಎಂದು ಬೆರಳು ಒರೆಸಿಕೊಂಡು ಕೊನೆಯ ಗುಂಡಿ ಮುಟ್ಟಿದರು.

ಮೊರ ತಟ್ಟಿತು. ಬಳೆಗಳು ಝಲ್ಲೆಂದವು. ಯಾವತ್ತಿನ ಹಾಗೆಯೇ, ಚುರುಕಾಗಿ, ಅವಸರದಲ್ಲಿ.

"ನೋಡ್ದಾ? ಮೊರ ಅದೆ, ಬಳೆ ಉದುರಿ ಹೋಗವೆ."

ನಾನು ಅವರ ಮುಖ ನೋಡಿದೆ. ಹಾಸ್ಯವಿರಲಿಲ್ಲ. "ಬಳೆ ಇವೆಯಲ್ಲ ಮೇಷ್ಟ್ರೆ" ಎಂದೆ.

"ಎಲ್ಲಿ?"

ಮತ್ತೆ ಮುಟ್ಟಿದರು. ಕಿವಿಯನ್ನು ಸ್ಪೀಕರಿಗೆ ಹತ್ತಿರ ತಂದು ಮತ್ತೊಮ್ಮೆ ಮುಟ್ಟಿದರು. ಒಳಗಿದ್ದ ಅಕ್ಕ ಬಳೆ ಸದ್ದು ಕೇಳಿ ಬಾಗಿಲಿಗೆ ಬಂದು ನಿಂತರು. ಮೇಷ್ಟ್ರು ನನ್ನನ್ನು, ಅಕ್ಕನನ್ನು, ಆಮೇಲೆ ಯಂತ್ರವನ್ನು ನೋಡಿದರು. ಮರದ ನೆರಳು ಅವರ ಮೊಣಕಾಲಿನವರೆಗೆ ಬಂದಿತ್ತು.

"ಮೊರ ಬೇರೆ, ಬಳೆ ಬೇರೆ ಅಂತ ನಾನು ಹಿಡೀಲಿಲ್ಲ ಅಮ್ಮಾಯಿ. ಒಂದೇ ಸಲ ಹಿಡಿದಿದ್ದು" ಎಂದರು ಕೊನೆಗೆ. "ಹೋದ್ರೆ ಪೂರ್ತಿ ಹೋಗ್ಬೇಕು. ಮೊರ ಬಿಟ್ಟು ಬಳೆ ಮಾತ್ರ ಮಿಷನ್ ಹೆಂಗ್ ಕಳ್ಕೊಳ್ತದೆ?"

ಅವರ ಬೆರಳು ಅಳಿಸಿದ ಗುಂಡಿಗಳ ಮೇಲೆ ಒಂದೊಂದಾಗಿ ಸರಿಯಿತು.

"ಹಂಗಾದ್ರೆ ಹುಳಾನೂ ಇತ್ತು. ಗಂಟೆನೂ ಇತ್ತು. ಇದ್ದಿದ್ದನ್ನ ನಾನೇ ತೆಗೆದೆ."

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ತನ್ನ ಕರೆ ಯಾಕೆ ಮುಟ್ಟುತ್ತಿರಲಿಲ್ಲ ಎಂದು ಆಕೆಗೆ ತಿಳಿದದ್ದು ಆಗಲೇ ಎಂದು ತೋರುತ್ತದೆ.

ಕೋಲಾರದ ಡಾಕ್ಟರು, ವರ್ಷಗಟ್ಟಲೆ ದೊಡ್ಡ ಸ್ಪೀಕರಿನ ಮಗ್ಗುಲಲ್ಲಿ ಕುಳಿತವರಿಗೆ ಹೀಗಾಗುತ್ತದೆ, ಬಳೆ, ಗಂಟೆಯಂಥ ಎತ್ತರದ ಸದ್ದುಗಳು ಮೊದಲು ಹೋಗುತ್ತವೆ, ಹೋದದ್ದು ಬರುವುದಿಲ್ಲ ಎಂದರು. ಕಿವಿಗೆ ಹಾಕಿಕೊಳ್ಳುವ ಸಾಧನ ಕೊಡಿಸಿದೆವು. ಅದನ್ನು ಹಾಕಿಕೊಂಡು ಮೇಷ್ಟ್ರು ಕೊನೆಯ ಗುಂಡಿ ಮುಟ್ಟಿದರು. ತಗಡು ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಹಾಗಿದೆ, ಇದು ನಮ್ಮಮ್ಮ ಅಲ್ಲ ಎಂದು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು. ಅಕ್ಕ ಮಾತಾಡಿಸುವಾಗ ಮಾತ್ರ ನೆನಪಿನಿಂದ ಹಾಕಿಕೊಳ್ಳುವರು. ವೇದಿಕೆಯನ್ನು ಅವರೇ ಬಿಟ್ಟರು. ನನ್ನನ್ನು ಕೂರಿಸಿದರು.

ಆದರೆ ಅಳಿಸಿಹೋದ ಸದ್ದುಗಳನ್ನು ಮತ್ತೆ ತುಂಬಿಸಲೇಬೇಕು ಎಂದು ಹಟ ಹಿಡಿದರು. ನಂಬಿ ಕೊಟ್ಟಿದ್ದರಲ್ಲ, ಅದಕ್ಕೆ. ಅವರ ಟೆಂಪೊದಲ್ಲೇ ಹೋಳೂರಿಗೆ ಹೋದೆವು. ಹುಳು ಮನೆಯ ಹೆಂಗಸು ಅವರನ್ನು ಮರೆತಿರಲಿಲ್ಲ. ಒಳಗೆ ಮಬ್ಬು, ಹಸಿ ಸೊಪ್ಪಿನ ವಾಸನೆ, ತಟ್ಟೆತಟ್ಟೆಗಳಲ್ಲಿ ಬಿಳಿ ಹುಳುಗಳು ಒಂದೇ ಧ್ಯಾನದಲ್ಲಿ ಮೇಯುತ್ತಿದ್ದವು. ನಾನು ಮೈಕು ಹಿಡಿದು ನಿಂತೆ. ಮೇಷ್ಟ್ರು ತಟ್ಟೆಗಳ ನಡುವೆ ಕಣ್ಣು ಮುಚ್ಚಿಕೊಂಡು ನಿಂತರು.

"ತಿಂತಾ ಅವೆಯಾ?"

"ತಿಂತಾ ಇವೆ ಮೇಷ್ಟ್ರೆ."

"ಹೆಂಗದೆ?"

"ಹೊಸ ರೇಷ್ಮೆ ಬಟ್ಟೆ ಮಡಚ್ತಾ ಇರೋ ಹಾಗೆ. ಯಾರೋ ಒಬ್ರಲ್ಲ, ಒಂದು ಊರಿಗೆ ಊರೇ ಮಡಚ್ತಾ ಇರೋ ಹಾಗೆ."

"ಹಾ, ಹಂಗೇ ಇತ್ತು" ಎಂದರು. ಮುಖದಲ್ಲಿ ಎಂಥ ಸಮಾಧಾನವಿತ್ತೆಂದರೆ ನನಗೆ ಅಳು ಬಂತು. ನಾನು ಅತ್ತದ್ದು ಅವರಿಗೆ ಕೇಳಿಸಲಿಲ್ಲ ಎನ್ನುವುದು ಒಂದು ಅನುಕೂಲವಾಯಿತು.

ಹೀಗೆ ಒಂದೊಂದೇ ಊರು ಸುತ್ತಿ ಹುಳು ಬಂತು, ಗಂಟೆ ಬಂತು, ತಾಳ ಬಂತು. ಯಂತ್ರ ಮತ್ತೆ ತುಂಬಿತು. ಆದರೆ ಕೊನೆಯ ಗುಂಡಿಯನ್ನು ಮೇಷ್ಟ್ರು ಮುಟ್ಟುತ್ತಿರಲಿಲ್ಲ. ಅದು ಒಳಗೆ ಭದ್ರವಾಗಿಯೇ ಇತ್ತು. ಅವರಿಗೆ ಮಾತ್ರ ಇರಲಿಲ್ಲ. ಉಳಿದವನ್ನೆಲ್ಲ ಅವರು ನನ್ನ ಬಾಯಿಂದ ಕೇಳಿ ತೃಪ್ತಿಪಟ್ಟುಕೊಂಡರು. ಇದೊಂದನ್ನು ಹೇಗಿದೆ ಎಂದು ಯಾವತ್ತೂ ನನ್ನನ್ನು ಕೇಳಲಿಲ್ಲ.

ದಾರಿ ಹೊಳೆದದ್ದು ನನ್ನ ಅಂಗಡಿಯಲ್ಲಿ, ಗಿರಾಕಿಯೊಬ್ಬರು ಫೋನಿನಲ್ಲಿ ನನ್ನನ್ನು "ಹಲೋ ಸರ್" ಎಂದು ಕರೆದಾಗ. ಸಿಟ್ಟು ಬರಬೇಕಿತ್ತು, ಕೈಯಲ್ಲಿದ್ದ ಕತ್ತರಿ ನಿಂತಿತು. ನನ್ನ ಧ್ವನಿ ಇಳಿದದ್ದರಿಂದಲ್ಲವೇ ಅದು ಮೇಷ್ಟ್ರಿಗೆ ಕೇಳುವುದು? ಹಾಗಾದರೆ ಬಳೆಗಳನ್ನೂ ಇಳಿಸಬಹುದಲ್ಲ.

ಅವರೆಕಾಯಿ ಕಾಲದಲ್ಲಿ ರಾಯಲ್ಪಾಡಿನ ಕಡೆ ಬಸ್ಸು ಹತ್ತಿದೆ. ಮಂಜು ಆಗತಾನೆ ಬಿಟ್ಟಿತ್ತು. ಅಕ್ಕ ಜಗಲಿಯ ಮೇಲೆ ಕಾಲು ಚಾಚಿ ಅವರೆಕಾಯಿ ಬಿಡಿಸುತ್ತಿದ್ದರು, ಮೇಷ್ಟ್ರು ಬಿಸಿಲು ಕಾಯಿಸುತ್ತಿದ್ದರು. ನಾನು ಯಂತ್ರ ಹೊರತಂದು ದೊಡ್ಡ ಸ್ಪೀಕರಿಗೆ ಜೋಡಿಸಿದೆ.

"ಟೇಪು ಕೀಳ್ಲಾ ಮೇಷ್ಟ್ರೆ?" ಎಂದೆ. ಕೇಳದೆ ಮುಟ್ಟಬಾರದು ಎಂದು ಕಲಿಸಿದವರು ಅವರೇ.

ಯಾವ ಗುಂಡಿಗೆ ಎಂದು ಅವರಿಗೆ ಗೊತ್ತಾಯಿತು. ಮುಖ ಗಂಟಿಕ್ಕಿತು. "ಅಮ್ಮನ್ನ ಎಮ್ಮೆ ಮಾಡ್ತೀಯಾ?"

ಅಕ್ಕ ತಲೆ ಎತ್ತದೆ, ಕಾಯಿ ಬಿಡಿಸುತ್ತಲೇ ಹೇಳಿದರು, ಈ ಸಲ ದೊಡ್ಡದಾಗಿ, ಹೊಟ್ಟೆಯಿಂದ: "ಕೀಳಮ್ಮ. ಅತ್ತೆಗೇನೂ ಬೇಜಾರಾಗಲ್ಲ. ಮಗನಿಗೆ ಕೇಳ್ಲಿಲ್ಲ ಅಂದ್ರೆ ಬೇಜಾರಾಗ್ತದೆ."

ಮೇಷ್ಟ್ರು ಬೇಡ ಎನ್ನಲಿಲ್ಲ. ಟೇಪು ಬಿಸಿಲಿಗೆ ಅಂಟಂಟಾಗಿ ಎಳೆಎಳೆಯಾಗಿ ಬಂತು. ಇಳಿಸಿದ ಸದ್ದನ್ನು ಹಾಗೇ ಉಳಿಸಿಕೊಳ್ಳುವ ಸೌಕರ್ಯ ಆ ಹಳೆಯ ಯಂತ್ರದಲ್ಲಿರಲಿಲ್ಲ. ಅದಕ್ಕೆ ನನ್ನ ಫೋನನ್ನು ರೆಕಾರ್ಡಿಗೆ ಹಾಕಿ ಸ್ಪೀಕರಿನ ಮುಂದಿಟ್ಟೆ. ತಿರುಪನ್ನು ಸ್ವಲ್ಪ ಇಳಿಸಿ ಗುಂಡಿ ಮುಟ್ಟಿದೆ. ಮೇಷ್ಟ್ರು ಇಲ್ಲವೆಂದು ತಲೆಯಾಡಿಸಿದರು. ಇನ್ನೂ ಇಳಿಸಿದೆ. ಇಲ್ಲ. ಪೂರ್ತಿ ಇಳಿಸಿ, ಮತ್ತೆ ಮುಟ್ಟಿದೆ.

ಮೊರದ ತಟ್ಟು ದೂರದ ಗುಡುಗಿನಂತೆ ಎದ್ದಿತು. ರಾಗಿ ಬಹಳ ಎತ್ತರದಿಂದ ಎಂಬಂತೆ ನಿಧಾನವಾಗಿ ಇಳಿದು ಬಿತ್ತು. ಆಮೇಲೆ ಬಳೆಗಳು. ಝಲ್ ಅಲ್ಲ, ಒಂದೊಂದು ಬಳೆಯೂ ಬೇರೆಬೇರೆಯಾಗಿ, ದೊಡ್ಡದಾಗಿ, ಒಂದು ಇನ್ನೊಂದನ್ನು ತಾಕಿ, ಮೊಳಗಿ, ಮೊಳಗು ಆರುವವರೆಗೆ ಕಾದು, ಮತ್ತೆ ತಾಕಿ. ಅಕ್ಕನ ಕೈ ನಿಂತುಹೋಯಿತು. ಮೇಷ್ಟ್ರು ಮುಂದಕ್ಕೆ ಬಾಗಿದರು. ಅವರ ಬಲಗೈ ತಾನಾಗಿ ಮೇಲೆದ್ದು ಗಾಳಿಯಲ್ಲಿ ನಿಂತಿತು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲು ಟವೆಲು ಹುಡುಕಲಿಲ್ಲ.

ಸದ್ದು ಮುಗಿಯಿತು. ಅವರು ಸಣ್ಣಗೆ ಹೇಳಿದರು: "ಯಾವಾಗ್ಲೂ ಓಡ್ತಾನೇ ಇದ್ಲು. ಈವತ್ತು ನೋಡು, ನಿಧಾನಕ್ಕೆ ಕೇರ್ತಾ ಅವಳೆ."

ಮುಂದಿನ ಸಲ ಹೋದಾಗ ನಾನು ಹಿಡಿದಿದ್ದ ಒಂದು ಜೊಳ್ಳನ್ನು ಅಳಿಸಿ, ಫೋನಿನ ಆ ಸದ್ದನ್ನು ಯಂತ್ರಕ್ಕೆ ತುಂಬಿ, ಮೂಲದ ಪಕ್ಕದ ಗುಂಡಿಯಲ್ಲಿ ಕೂರಿಸಿಕೊಟ್ಟೆ. ಮುಂದೆ ಬೋಳಿಸಿದ್ದೆ, ಹಿಂದೆ ಮುಟ್ಟಿರಲಿಲ್ಲ. ಮೇಷ್ಟ್ರು ಕೊನೆಯವರೆಗೆ ಕೇಳಿ ಮುಖ ಸಿಂಡರಿಸಿದರು.

"ಹಿಂದೆ ನನ್ ಮಾತೂ ಬಿದ್ದದಲ್ಲ ಅಮ್ಮಾಯಿ. ಅದನ್ನ ಕತ್ತರಿಸು."

"ಹಿಂದೆ ಜುಟ್ಟು ಬಿಡು ಅಂದೋರು ನೀವೇ."

ನಕ್ಕರು. ನಗುತ್ತಲೇ ಹೊಸ ಟೇಪು ತಂದು, ತಿರುಪನ್ನು ಮತ್ತೆ ಮೊದಲಿನ ಜಾಗಕ್ಕೆ ತಂದು, ಸುತ್ತಿಬಿಟ್ಟರು. ಮಿಕ್ಕವರೆಲ್ಲ ಅವರವರ ಎತ್ತರದಲ್ಲೇ ಇರಬೇಕಿತ್ತಲ್ಲ.

ಈ ವರ್ಷ ನಾನೊಬ್ಬಳೇ ಕೇರಿದೆ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಯಂತ್ರ ಇಟ್ಟುಕೊಂಡು, ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಮಧ್ಯಾಹ್ನವೆಲ್ಲ ಊರೂರು ತಿರುಗಿದೆ. ನಾನೇ ಹಿಡಿದ ಎಷ್ಟೋ ಜೊಳ್ಳು ಹೋಯಿತು. ಕೊನೆಗೆ ಟವೆಲಿಲ್ಲದಿದ್ದರೂ ಸೆರಗಿಗೆ ಬೆರಳು ಒರೆಸಿಕೊಂಡು ಆ ಗುಂಡಿ ಮುಟ್ಟಿದೆ. ಬಳೆಗಳು ಮೊಳಗಿ ಮೊಳಗಿ ಆರಿದವು. ಆಮೇಲೆ ಮೇಷ್ಟ್ರು, ಅವರದೇ ಎತ್ತರದಲ್ಲಿ, ನಿಧಾನಕ್ಕೆ ಕೇರ್ತಾ ಅವಳೆ ಎಂದರು. ಅದಾದ ಮೇಲೂ ಸ್ವಲ್ಪ ಉಳಿದಿದೆ. ಜಗಲಿಯ ಮೇಲೆ ಅಕ್ಕ ಮೂಗು ಎಳೆದುಕೊಂಡು ಮತ್ತೆ ಅವರೆಕಾಯಿಗೆ ಕೈಹಾಕಿದ್ದು, ಒಂದು ಸಿಪ್ಪೆ ನೆಲಕ್ಕೆ ಬಿದ್ದದ್ದು. ಅದನ್ನೂ ನಾನು ಕತ್ತರಿಸಿಲ್ಲ.